ಕಾಡ್ಗಿಚ್ಚು ಬರುವ ಮೊದಲೇ ಕಾಡಂಚಿಗೆ ನಾವೇ ಬೆಂಕಿ ಹಾಕಬಹುದಾ?

ಪ್ರಶ್ನೆ: ನಮ್ಮದು ಗುಂಡ್ಲುಪೇಟೆ ತಾಲ್ಲೂಕಿನ ಕಾಡಂಚಿನ ಊರು. 2019ರಲ್ಲಿ ಗೋಪಾಲಸ್ವಾಮಿ ಬೆಟ್ಟದ ಕಡೆ ಕಾಡು ಉರಿದದ್ದನ್ನು ಹೊಲದಲ್ಲಿ ನಿಂತು ನೋಡಿದ್ದೇವೆ. ಶಿವರಾತ್ರಿ ಹತ್ತಿರ ಬಂತೆಂದರೆ ಈಗಲೂ ಭಯ. ಹಿಂದೆ ಕಾಡಿನ ಜನರೇ ಬೇಸಿಗೆಗೆ ಮುಂಚೆ ತರಗಿಗೆ ಬೆಂಕಿ ಹಾಕುತ್ತಿದ್ದರು, ಆಗ ಇಂಥ ದೊಡ್ಡ ಬೆಂಕಿ ಬೀಳುತ್ತಿರಲಿಲ್ಲ ಅಂತ ನಮ್ಮ ತಾತ ಹೇಳುತ್ತಿದ್ದರು. ಕ್ಯಾಲಿಫೋರ್ನಿಯಾದಲ್ಲಿರುವ ಅಣ್ಣನ ಮಗ, ಅಲ್ಲಿ ಸರ್ಕಾರದವರೇ ಕಾಡಿಗೆ ಬೆಂಕಿ ಇಡುವ ವಿಡಿಯೊ ಕಳಿಸಿದ್ದಾನೆ. ಹಾಗಾದರೆ ನಾವು ಊರಿನವರು ಸೇರಿ ಡಿಸೆಂಬರ್‌ನಲ್ಲೇ ಕಾಡಂಚನ್ನು ಸುಟ್ಟುಬಿಟ್ಟರೆ ತಪ್ಪೇನು? ಊರಿನವರ ಕೈಯಲ್ಲಿ ಬೇರೆ ಏನಾಗುತ್ತದೆ?

ಉತ್ತರ: ನಿಮ್ಮ ತಾತ ಹೇಳಿದ್ದು ಸರಿ. ಅಣ್ಣನ ಮಗ ಕಳಿಸಿದ ವಿಡಿಯೊದಲ್ಲಿರುವುದೂ ಸರಿ. ಆದರೂ ನೀವೇ ಹೋಗಿ ಕಾಡಂಚಿಗೆ ಬೆಂಕಿ ಹಾಕಬೇಡಿ. ಅರ್ಧ ಓದಿ ಬಿಡುವವರಿಗೂ ಈ ಮಾತು ತಲುಪಲಿ ಅಂತ ಮೊದಲೇ ಹೇಳಿದ್ದೇನೆ.

ನಿಮ್ಮ ಊರಿಗೆ ತಾಗಿದ ಕಾಡು ಬಂಡೀಪುರ ರಾಷ್ಟ್ರೀಯ ಉದ್ಯಾನ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಲ್ಲಿ ಬೆಂಕಿ ಹಚ್ಚುವುದು ಅಪರಾಧ. ನಮ್ಮ ಉದ್ದೇಶ ಒಳ್ಳೆಯದಿತ್ತು ಅಂದರೆ ಕೇಸ್ ಬಿಟ್ಟುಹೋಗುವುದಿಲ್ಲ. ಆದರೆ ಕಾನೂನಿಗಿಂತ ದೊಡ್ಡ ಕಾರಣ ಒಂದಿದೆ. ನಿಮ್ಮ ತಾತ ಕಂಡ ಕಾಡು ಈಗ ಅಲ್ಲಿಲ್ಲ. ಆ ಕಾಡಿಗೆ ಒಗ್ಗಿದ್ದ ಬೆಂಕಿ ಈಗಿನ ಕಾಡಿಗೆ ಹಾಗೇ ಒಗ್ಗುವುದಿಲ್ಲ.

ಬಿಡಿಸಿ ಹೇಳುತ್ತೇನೆ. ಬೆಂಕಿ ಎಷ್ಟು ದೊಡ್ಡದಾಗುತ್ತದೆ ಅನ್ನುವುದು ಕಡ್ಡಿ ಗೀರಿದವನ ಕೈಯಲ್ಲಿ ಇರುವುದಿಲ್ಲ. ನೆಲದ ಮೇಲೆ ಉರಿಯುವಂಥದ್ದು ಎಷ್ಟಿದೆ, ಅದು ಎಷ್ಟು ಒಣಗಿದೆ, ಗಾಳಿ ಹೇಗಿದೆ, ಜಾಗ ಎಷ್ಟು ಕಡಿದಾಗಿದೆ ಅನ್ನುವುದರ ಮೇಲೆ ನಿಂತಿರುತ್ತದೆ. ಬೆಂಕಿ ಕೆಲಸದವರಲ್ಲಿ ಒಂದು ಅಂದಾಜು ಲೆಕ್ಕ ಇದೆ: ನೆಲದ ಮೇಲಿನ ತರಗು, ಹುಲ್ಲು ಎರಡು ಪಟ್ಟಾದರೆ ಬೆಂಕಿ ಓಡುವ ವೇಗ ಎರಡು ಪಟ್ಟು, ಅದರ ಉರಿ ನಾಲ್ಕು ಪಟ್ಟು. ಇಳಿಜಾರಿನಲ್ಲಿ ಮೇಲಕ್ಕೆ ಹತ್ತುವ ಬೆಂಕಿಯಂತೂ ಪ್ರತಿ 10 ಡಿಗ್ರಿಗೆ ಸುಮಾರು ಎರಡು ಪಟ್ಟು ಜೋರಾಗುತ್ತದೆ. 2018ರ ಮಾರ್ಚ್‌ನಲ್ಲಿ ತಮಿಳುನಾಡಿನ ತೇಣಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಟ್ರೆಕ್ಕಿಂಗ್ ಹೋದವರು ಸಿಕ್ಕಿಬಿದ್ದದ್ದು ಇಂಥದ್ದೇ ಬೆಂಕಿಗೆ. 23 ಜನ ತೀರಿಕೊಂಡರು. ಬೆಟ್ಟದ ಬೆಂಕಿಯ ಮುಂದೆ ಓಡಿ ಗೆಲ್ಲುತ್ತೇನೆ ಅನ್ನುವ ಧೈರ್ಯ ಯಾರಿಗೂ ಬೇಡ.

ಇನ್ನೂ ಒಂದು ಲೆಕ್ಕ ನೆನಪಿಟ್ಟುಕೊಳ್ಳಿ. ಜ್ವಾಲೆ ನಾಲ್ಕು ಅಡಿಯೊಳಗೆ ಇದ್ದರೆ ಸೊಪ್ಪಿನ ಕೊಂಬೆ, ಕುಡುಗೋಲು ಹಿಡಿದ ಮನುಷ್ಯರು ಹತ್ತಿರ ಹೋಗಿ ಬಡಿದು ಆರಿಸಬಹುದು. ಅದನ್ನು ದಾಟಿತೆಂದರೆ ಶಾಖಕ್ಕೆ ಹತ್ತಿರ ನಿಲ್ಲಲೂ ಆಗುವುದಿಲ್ಲ. ಮೊದಲೇ ಸುಡುವುದರ ಪೂರ್ತಿ ಗುಟ್ಟು ಇಷ್ಟೇ: ಬೆಂಕಿ ನಾಲ್ಕು ಅಡಿ ದಾಟಲು ಸಾಧ್ಯವೇ ಇಲ್ಲದ ಹೊತ್ತಿನಲ್ಲಿ, ದಾಟಲು ಬೇಕಾದ ಸರಕನ್ನು ಖರ್ಚು ಮಾಡಿಬಿಡುವುದು. ಬೇಸಿಗೆ ಏರುವ ಮೊದಲು ನೆಲದಲ್ಲಿ ಇನ್ನೂ ಪಸೆ ಇರುತ್ತದೆ. ರಾತ್ರಿ ಇಬ್ಬನಿ ಬೀಳುತ್ತದೆ. ಹುಲ್ಲಿನ ಬುಡ ಹಸಿರಾಗೇ ಇರುತ್ತದೆ. ಆಗ ಬೆಂಕಿ ತರಗಿನ ಮೇಲ್ಪದರವನ್ನಷ್ಟೇ ತಿಂದು, ಹಸಿ ಜಾಗ ಸಿಕ್ಕಲ್ಲಿ ತಾನೇ ನಿಲ್ಲುತ್ತದೆ. ಅದೇ ಜಾಗಕ್ಕೆ ಮಾರ್ಚ್ ಮಧ್ಯಾಹ್ನ ಬೆಂಕಿ ಬಿದ್ದರೆ ಮರದ ಬುಡ, ಸಸಿ, ಮೊಟ್ಟೆ, ಮರಿ ಯಾವುದೂ ಉಳಿಯುವುದಿಲ್ಲ.

ನಿಮ್ಮ ಪಕ್ಕದ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಇದು ಚೆನ್ನಾಗಿ ಗೊತ್ತಿತ್ತು. ತರಗು ಬೆಂಕಿ ಅಂತ ಅವರು ಕರೆಯುತ್ತಿದ್ದದ್ದು ಇಂಥ ಸಣ್ಣ, ತಣ್ಣನೆಯ ಬೆಂಕಿಯನ್ನೇ. ಬೇಸಿಗೆ ಬಲಿಯುವ ಮುಂಚೆ, ಕಾಡನ್ನು ತುಂಡು ತುಂಡಾಗಿ ಸುಡುತ್ತಿದ್ದರು. ಹೊಸ ಹುಲ್ಲು ಚಿಗುರುತ್ತಿತ್ತು, ನಡೆಯಲು ದಾರಿ ಆಗುತ್ತಿತ್ತು, ಆನೆ ಕರಡಿ ದೂರದಿಂದಲೇ ಕಾಣುತ್ತಿದ್ದವು. ನೆಲ್ಲಿ ಮರಕ್ಕೆ ಹತ್ತುವ ಬಂದಳಿಕೆಗೆ ಅವರು ಉಪ್ಪಿಲು ಅನ್ನುತ್ತಾರೆ. ಬೆಂಕಿ ನಿಂತ ಮೇಲೆ ಉಪ್ಪಿಲು ಜಾಸ್ತಿಯಾಗಿ ನೆಲ್ಲಿ ಸಾಯುತ್ತಿದೆ ಅಂತ ಸೋಲಿಗ ಹಿರಿಯರು ಬಹಳ ವರ್ಷಗಳಿಂದ ಹೇಳುತ್ತಲೇ ಬಂದಿದ್ದಾರೆ. 1974ರಲ್ಲಿ ಆ ಕಾಡು ಅಭಯಾರಣ್ಯ ಆಯಿತು. ಬೇಸಾಯ, ಬೇಟೆಯ ಜೊತೆಗೆ ಬೆಂಕಿಯೂ ನಿಂತಿತು.

ಬೆಂಕಿ ನಿಂತದ್ದು ಒಂದು ಕಡೆ, ಲಂಟಾನ ಹಬ್ಬಿದ್ದು ಇನ್ನೊಂದು ಕಡೆ. ನಿಮ್ಮ ಕಡೆ ರೋಜದ ಗಿಡ ಅನ್ನುತ್ತಾರಲ್ಲ, ಅದೇ. ಅಮೆರಿಕಾ ಖಂಡದ ಈ ಪೊದೆಯನ್ನು 19ನೇ ಶತಮಾನದ ಶುರುವಿನಲ್ಲಿ ಬ್ರಿಟಿಷರು ತೋಟದ ಹೂವಿಗೆಂದು ತಂದರು. ಬಿಳಿಗಿರಿರಂಗನ ಬೆಟ್ಟದಲ್ಲಿ ಸಂಶೋಧಕರು ಅಳೆದು ನೋಡಿದಾಗ, 1997ರಲ್ಲಿ ಪರೀಕ್ಷೆ ಮಾಡಿದ ಜಾಗಗಳಲ್ಲಿ ಸುಮಾರು ಐದರಲ್ಲಿ ಎರಡು ಕಡೆ ಲಂಟಾನ ಇತ್ತು. 2008ಕ್ಕೆ ಐದರಲ್ಲಿ ನಾಲ್ಕು ಕಡೆ. ತರಗು ಬೆಂಕಿ ನಿಂತದ್ದರಿಂದಲೇ ಲಂಟಾನಕ್ಕೆ ದಾರಿ ಸಿಕ್ಕಿತು ಅನ್ನುವುದು ಸೋಲಿಗರ ಮಾತು. ಸಂಶೋಧಕರಲ್ಲೂ ಹಲವರು ಆ ಮಾತನ್ನು ಗಂಭೀರವಾಗಿ ತೆಗೆದುಕೊಂಡಿದ್ದಾರೆ. ನನಗೂ ಅದರಲ್ಲಿ ಹುರುಳಿದೆ ಅನ್ನಿಸುತ್ತದೆ. ಎಳೆ ಲಂಟಾನ ಸಸಿ ಸಣ್ಣ ಬೆಂಕಿಗೂ ಸಾಯುತ್ತದೆ. ಬೇರು ಬಲಿತ ಪೊದೆಯನ್ನು ಸುಟ್ಟರೆ ಮಾತ್ರ ಮಳೆ ಬಿದ್ದ ಕೂಡಲೇ ಬುಡದಿಂದ ಮತ್ತೆ ಒಡೆಯುತ್ತದೆ.

ತೊಂದರೆ ಇರುವುದೇ ಇಲ್ಲಿ. ತಾತನ ಕಾಲದಲ್ಲಿ ಮರದ ಕೆಳಗೆ ಮೊಣಕಾಲೆತ್ತರದ ಹುಲ್ಲು, ತರಗು. ಈಗ ಅಲ್ಲಿ ಆಳೆತ್ತರದ ಒಣ ಲಂಟಾನ, ಎಷ್ಟೋ ಕಡೆ ಅದು ಮರದ ಕೊಂಬೆಯನ್ನೇ ಹಿಡಿದು ಮೇಲೆ ಹತ್ತಿದೆ. ನೆಲದ ಬೆಂಕಿ ಆ ಪೊದೆಯನ್ನೇ ಏಣಿ ಮಾಡಿಕೊಂಡು ಮರದ ತಲೆಗೆ ಹೋಗುತ್ತದೆ. ಜನವರಿಯಲ್ಲಿ ಹಾಕಿದರೂ ಅದು ತರಗು ಬೆಂಕಿ ಆಗಿ ಉಳಿಯುತ್ತದೆ ಅನ್ನುವ ಭರವಸೆ ಇಲ್ಲ. ಹೂ ಬಿಟ್ಟು ಸತ್ತ ಬಿದಿರು ಮೆಳೆ ಇದ್ದರೆ ಇನ್ನೂ ಕಷ್ಟ. ಗೆಣ್ಣು ಸಿಡಿದು ಕೆಂಡ ಎಲ್ಲೆಲ್ಲೋ ಹೋಗಿ ಬೀಳುತ್ತದೆ. ನೀವು ಕಣ್ಣಾರೆ ಕಂಡ 2019ರ ಬೆಂಕಿಯನ್ನೇ ನೆನಪಿಸಿಕೊಳ್ಳಿ. ಫೆಬ್ರವರಿ ಮೂರನೇ ವಾರದಲ್ಲಿ ಹತ್ತಿಕೊಂಡು ದಿನಗಟ್ಟಲೆ ಉರಿಯಿತು. ಇಲಾಖೆಯ ಲೆಕ್ಕದಲ್ಲೇ 4,000 ಹೆಕ್ಟೇರಿಗಿಂತ ಜಾಸ್ತಿ ಕಾಡು ಹೋಯಿತು. ವಾಯುಪಡೆಯ ಹೆಲಿಕಾಪ್ಟರ್‌ಗಳು ಬಂದು ನೀರು ಸುರಿಯಬೇಕಾಯಿತು. ಒಳ್ಳೆ ಮಳೆಯಾದ ವರ್ಷದ ಮರು ಬೇಸಿಗೆಗೆ ನಾವೆಲ್ಲ ಜಾಸ್ತಿ ಹೆದರುವುದು ಸುಮ್ನೆ ಅಲ್ಲ. ಅಷ್ಟು ಹುಲ್ಲು, ಪೊದೆ ಬೆಳೆದು ಒಣಗಿ ನಿಂತಿರುತ್ತದೆ.

ಇದರ ಇನ್ನೊಂದು ಮುಖವನ್ನೂ ನೋಡಬೇಕು. ಮೊದಲೇ ಸುಡುವುದು ಒಳ್ಳೆಯದು ಅಂದ ಮಾತ್ರಕ್ಕೆ ಪ್ರತಿ ವರ್ಷ ಸುಟ್ಟರೆ ಒಳ್ಳೆಯದು ಅಂತ ಅಲ್ಲ. ಮುದುಮಲೈ ಕಡೆಯ ದಾಖಲೆಗಳನ್ನು ಹೋಲಿಸಿ ನೋಡಿದ ಅಧ್ಯಯನದ ಪ್ರಕಾರ, 1909ರಿಂದ 1921ರವರೆಗೆ ಒಂದು ಜಾಗಕ್ಕೆ ಸರಾಸರಿ ಹತ್ತು ವರ್ಷಕ್ಕೊಮ್ಮೆ ಬೆಂಕಿ ಬೀಳುತ್ತಿತ್ತು. 1989ರಿಂದ 2002ರ ಹೊತ್ತಿಗೆ ಅದು ಸುಮಾರು ಮೂರು ವರ್ಷಕ್ಕೊಮ್ಮೆ ಆಗಿತ್ತು. ಮುದುಮಲೈ ನಿಮಗೆ ದೂರ ಅಲ್ಲ, ಬಂಡೀಪುರಕ್ಕೆ ಅಂಟಿಕೊಂಡೇ ಇದೆ. ಮತ್ತಿ, ಹೊನ್ನೆ, ತೇಗದಂಥ ಮರಗಳಿಗೆ ತೊಗಟೆ ದಪ್ಪ, ದೊಡ್ಡವಾದ ಮೇಲೆ ತಡೆದುಕೊಳ್ಳುತ್ತವೆ. ಆದರೆ ಸಸಿ ಬೆಂಕಿಗೆ ಸಿಗದ ಎತ್ತರಕ್ಕೆ ಬೆಳೆಯಲು ಕೆಲವು ವರ್ಷ ಬಿಡುವು ಬೇಕೇ ಬೇಕು. ಆ ಬಿಡುವು ಕೊಡದಿದ್ದರೆ ಹಳೆ ಮರಗಳ ಕಾಡು ಇರುತ್ತದೆ, ಅದರ ಕೆಳಗೆ ಮುಂದಿನ ತಲೆಮಾರೇ ಇರುವುದಿಲ್ಲ. ಹಾಗಾಗಿ ಒಂದೊಂದು ವರ್ಷ ಒಂದೊಂದು ತುಂಡು. ಇನ್ನು ಮಲೆನಾಡಿನ ಓದುಗರಿಗೆ ಬೇರೆಯೇ ಮಾತು: ನಿತ್ಯಹಸಿರು ಕಾಡಿಗೆ, ಎತ್ತರದ ಬೆಟ್ಟದ ಕಣಿವೆಗಳಲ್ಲಿರುವ ಶೋಲಾ ಕಾಡಿಗೆ ಬೆಂಕಿ ಬೇಡವೇ ಬೇಡ. ಅಲ್ಲಿನ ಮರಗಳಿಗೆ ಬೆಂಕಿಯ ಅಭ್ಯಾಸ ಇಲ್ಲ. ನಾನು ಇಲ್ಲಿ ಹೇಳುತ್ತಿರುವುದೆಲ್ಲ ಬಯಲುಸೀಮೆ ಅಂಚಿನ ಎಲೆ ಉದುರುವ ಕಾಡಿನ ವಿಷಯ.

ಈಗ ಕ್ಯಾಲಿಫೋರ್ನಿಯಾದ ವಿಡಿಯೊ. ಅಮೆರಿಕಾದಲ್ಲಿ 1935ರಿಂದ ಒಂದು ನಿಯಮ ಇತ್ತು. ಯಾವ ಬೆಂಕಿ ಕಂಡರೂ ಮರುದಿನ ಬೆಳಿಗ್ಗೆ ಹತ್ತು ಗಂಟೆಯೊಳಗೆ ಹತೋಟಿಗೆ ತರಬೇಕು ಅಂತ. ಕಾಡನ್ನು ಅದರ ಮೂಲನಿವಾಸಿಗಳಾದ ಕಾರುಕ್, ಯುರೋಕ್ ಜನ ಹಿಂದಿನಿಂದಲೂ ಸುಡುತ್ತಾ ಬಂದಿದ್ದರು, ಅದನ್ನೂ ಅಪರಾಧ ಮಾಡಿದರು. ದಶಕಗಟ್ಟಲೆ ಕಸ ಕೂಡಿತು. ಈಗ ಅದೇ ಜನರನ್ನು ಕರೆದು ಕೇಳುತ್ತಿದ್ದಾರೆ. ನನಗೆ ಅಲ್ಲಿ ಇಷ್ಟವಾದದ್ದು ಸರ್ಕಾರ ಮಾಡುವ ಕೆಲಸಕ್ಕಿಂತ ಅಕ್ಕಪಕ್ಕದವರು ಮಾಡುವ ಕೆಲಸ. ಹಂಬೋಲ್ಟ್ ಕೌಂಟಿಯಲ್ಲಿ 2018ರಲ್ಲಿ ರೈತರು, ಜಮೀನಿನವರು ಸೇರಿ ಒಂದು ಸಂಘ ಕಟ್ಟಿದರು. ನಮ್ಮಲ್ಲಿ ನಾಟಿಗೆ ಮುಯ್ಯಾಳು ಹೋದ ಹಾಗೆ, ಇವತ್ತು ನಿನ್ನ ಜಮೀನು ಸುಡಲು ನಾವು, ನಾಳೆ ನಮ್ಮದಕ್ಕೆ ನೀನು. 2021ರಲ್ಲಿ ಅಲ್ಲಿನ ಸರ್ಕಾರ ಒಂದು ಕಾನೂನನ್ನೂ ಮಾಡಿತು. ತರಬೇತಿ ಪಡೆದವರು ಅಥವಾ ಸಾಂಪ್ರದಾಯಿಕ ಬೆಂಕಿ ಬಲ್ಲ ಮೂಲನಿವಾಸಿಗಳು ಎಲ್ಲ ನಿಯಮ ಪಾಲಿಸಿ ಸುಟ್ಟಾಗಲೂ ಬೆಂಕಿ ಕೈ ಮೀರಿದರೆ, ಘೋರ ನಿರ್ಲಕ್ಷ್ಯ ಇಲ್ಲದಿದ್ದರೆ ಆರಿಸಿದ ಖರ್ಚನ್ನು ಅವರ ತಲೆಗೆ ಕಟ್ಟುವುದಿಲ್ಲ. ನಮ್ಮಲ್ಲಿ ಊರಿನವರಿಗೆ ಅಂಥ ರಕ್ಷಣೆ ಇಲ್ಲ. ವಿಡಿಯೊದಲ್ಲಿ ಬೆಂಕಿ ಕಾಣುತ್ತದೆ, ಅದರ ಹಿಂದಿನ ಪರವಾನಗಿ, ಹವಾಮಾನದ ಲೆಕ್ಕ, ನೀರಿನ ಗಾಡಿ ಕಾಣುವುದಿಲ್ಲ.

ಎಲ್ಲ ಇದ್ದೂ ತಪ್ಪುವುದುಂಟು. 2022ರಲ್ಲಿ ನ್ಯೂ ಮೆಕ್ಸಿಕೊದಲ್ಲಿ ಅಲ್ಲಿನ ಅರಣ್ಯ ಸೇವೆಯವರೇ ಹಾಕಿದ ಎರಡು ಬೆಂಕಿ ಕೈ ತಪ್ಪಿದವು. ಒಂದು ಏಪ್ರಿಲ್ ಮೊದಲ ವಾರ ಗಾಳಿಗೆ ಸಿಕ್ಕಿ ಹೊರಗೆ ಹಾರಿತು. ಇನ್ನೊಂದು ಜನವರಿಯಲ್ಲಿ ಸುಟ್ಟ ಸೌದೆ ರಾಶಿ. ಹಿಮ ಬಿದ್ದರೂ ಒಳಗೊಳಗೇ ಕೆಂಡ ಉಳಿದು, ಏಪ್ರಿಲ್‌ನಲ್ಲಿ ಎದ್ದಿತು. ಎರಡೂ ಕೂಡಿ ಸುಮಾರು 3.4 ಲಕ್ಷ ಎಕರೆ ಸುಟ್ಟು, ಆ ರಾಜ್ಯದ ಇತಿಹಾಸದಲ್ಲೇ ದೊಡ್ಡ ಬೆಂಕಿ ಆಯಿತು. ಹಿಮದ ಕೆಳಗೇ ಕೆಂಡ ಮೂರು ತಿಂಗಳು ಬದುಕಿದ್ದರೆ ನಮ್ಮ ಒಣ ನೆಲದಲ್ಲಿ ಏನಾಗಬೇಡ, ಯೋಚಿಸಿ.

ನಮಗೆ ಹತ್ತಿರದ ಉದಾಹರಣೆ ಬೇಕೆಂದರೆ ಉತ್ತರ ಆಸ್ಟ್ರೇಲಿಯಾದ ಆರ್ನೆಮ್ ಲ್ಯಾಂಡ್ ನೋಡಿ. ಅಲ್ಲೂ ಮಳೆಗಾಲ, ಒಣ ಕಾಲ ಎರಡೇ. ಹುಲ್ಲು, ಮರ ಬೆರೆತ ಕಾಡು. 2006ರಿಂದ ಅಲ್ಲಿನ ಮೂಲನಿವಾಸಿ ರೇಂಜರ್‌ಗಳು ಒಣ ಋತುವಿನ ಶುರುವಿನಲ್ಲೇ ತುಂಡು ತುಂಡಾಗಿ ಸುಡುತ್ತಾರೆ. ಕೊನೆಯಲ್ಲಿ ಬೀಳುವ ದೊಡ್ಡ ಬೆಂಕಿ ಕಡಿಮೆಯಾದರೆ ಹೊಗೆಯೂ ಕಡಿಮೆ, ಭೂಮಿಯ ಬಿಸಿ ಏರಿಸುವ ಅನಿಲವೂ ಕಡಿಮೆ. ಆ ಉಳಿತಾಯಕ್ಕೆ ಒಂದು ಗ್ಯಾಸ್ ಕಂಪನಿ ವರ್ಷಗಟ್ಟಲೆ ದುಡ್ಡೂ ಕೊಟ್ಟಿತು. ಬೆಂಕಿ ಬಲ್ಲವರಿಗೆ ಆ ಕೆಲಸವೇ ಸಂಬಳ ಆಗಿದೆ. ಸೋಲಿಗ, ಜೇನುಕುರುಬ ಯುವಕರಿಗೆ ಇಂಥದ್ದು ಯಾಕೆ ಆಗಬಾರದು ಅಂತ ನಾನು ಕೇಳುತ್ತಲೇ ಇರುತ್ತೇನೆ. ಈಗ ಅವರಲ್ಲಿ ಬಹಳ ಜನ ಬೇಸಿಗೆಯ ಕೆಲವೇ ತಿಂಗಳಿಗೆ ದಿನಗೂಲಿ ಫೈರ್ ವಾಚರ್‌ಗಳು. ಬೆಂಕಿ ಬಂದ ಮೇಲೆ ಓಡಲು ಅವರು ಬೇಕು, ಎಲ್ಲಿ ಯಾವಾಗ ಸುಡಬೇಕು ಅಂತ ಕೂತು ಮಾತಾಡುವಾಗ ಬೇಡ. ಇದು ಬದಲಾಗಲೇಬೇಕು.

ನಮ್ಮಲ್ಲಿ ಈಗಲೂ ಕಾನೂನುಬದ್ಧವಾಗಿ ನಡೆಯುವ ಸುಡುವಿಕೆ ಒಂದಿದೆ. ಬೆಂಕಿ ರೇಖೆ. ರಸ್ತೆ ಬದಿ, ಕಾಡಂಚು, ರೇಂಜುಗಳ ಗಡಿಯಲ್ಲಿ ಇಲಾಖೆಯವರು ಪಟ್ಟಿಯ ಹಾಗೆ ಪೊದೆ ಸವರಿ, ಒಣಗಿದ ಮೇಲೆ ಸುಡುತ್ತಾರೆ. ಚೆನ್ನಾಗಿ ಮಾಡಿದ ದಿನ ಅದು ಹೇಗಿರುತ್ತದೆ ಅಂದರೆ, ಪಟ್ಟಿಯ ಎರಡೂ ಅಂಚಿನಲ್ಲಿ ಮೊದಲು ಮಣ್ಣು ಕಾಣುವ ತನಕ ತರಗು ಗುಡಿಸಿರುತ್ತಾರೆ, ಪೊರಕೆಯಲ್ಲೋ ಬ್ಲೋವರ್‌ನಲ್ಲೋ. ಒಂದು ಕಡ್ಡಿ ಎತ್ತಿ ಮುರಿದು ನೋಡುತ್ತಾರೆ. ಬಾಗಿದರೆ ಪಸೆ ಇದೆ, ಚಟ್ ಅಂತ ಮುರಿದರೆ ಇವತ್ತು ಹುಷಾರು. ಬೆಂಕಿಯನ್ನು ಗಾಳಿ ಹೋಗುವ ಕಡೆಯ ತುದಿಯಿಂದ ಇಡುತ್ತಾರೆ. ಆಗ ಅದು ಗಾಳಿಗೆ ಎದುರಾಗಿ ನಿಧಾನಕ್ಕೆ, ಮೊಣಕಾಲಿಗಿಂತ ಕೆಳಗೇ ಹಿಂದೆ ಸರಿಯುತ್ತಾ ಬರುತ್ತದೆ. ಬೆಟ್ಟದಲ್ಲಾದರೆ ಮೇಲಿನಿಂದ ಕೆಳಕ್ಕೆ. ಬಿಸಿಲೇರುವ ಮೊದಲೇ ಹೊಸ ಬೆಂಕಿ ಹಾಕುವುದನ್ನು ನಿಲ್ಲಿಸುತ್ತಾರೆ.

ನಿಜವಾದ ಕೆಲಸ ಆಮೇಲೆ. ಕಪ್ಪಾದ ಪಟ್ಟಿಯ ಅಂಚಿನಲ್ಲಿ ನಡೆಯುತ್ತಾ ಒಂದೊಂದು ಬುಡ, ಒಂದೊಂದು ಬಿದ್ದ ಮರ ನೋಡಬೇಕು. ಟೊಳ್ಳು ಮರದೊಳಗೆ ಕೆಂಡ ವಾರಗಟ್ಟಲೆ ಇರುತ್ತದೆ. ಒಣಗಿದ ಆನೆ ಲದ್ದಿಯೂ ಅಷ್ಟೇ, ಮೇಲೆ ಬೂದಿ, ಒಳಗೆ ಕೆಂಡ. ಸಂಜೆ ಗಾಳಿಗೆ ಉರುಳಿ ಗೆರೆ ದಾಟಿದರೆ ಮುಗಿಯಿತು. ಅಂಗೈ ಹಿಂಭಾಗವನ್ನು ಬೂದಿಯ ಹತ್ತಿರ ಹಿಡಿದರೆ ಶಾಖ ಗೊತ್ತಾಗುತ್ತದೆ. ಬಿಸಿ ಇದ್ದಲ್ಲಿ ಕೆದಕಿ, ಮಣ್ಣು ಬೆರೆಸಿ, ನೀರು ಹಾಕಿ, ಮತ್ತೆ ಕೈ ಹಿಡಿದು ನೋಡಬೇಕು. ಬೆಂಕಿ ಇಡಲು ಒಂದು ಗಂಟೆ ಸಾಕು, ಇದಕ್ಕೆ ಎರಡು ದಿನ ಬೇಕು.

ಬೆಂಕಿ ರೇಖೆ ವಿಫಲವಾಗುವುದು ಬಹುಪಾಲು ತಡವಾಗಿ ಮಾಡಿದ್ದಕ್ಕೆ. ಜನವರಿ ಕೊನೆಗೂ ಪೊದೆ ಸವರುತ್ತಿದ್ದರೆ ಸುಡುವ ಹೊತ್ತಿಗೆ ಕಾಡು ಪೂರ್ತಿ ಒಣಗಿರುತ್ತದೆ. ಊರಿನವರ ಒತ್ತಾಯ ನಿಜಕ್ಕೂ ಕೆಲಸಕ್ಕೆ ಬರುವುದು ಇಲ್ಲೇ. ನವೆಂಬರ್‌ನಲ್ಲೇ ವಲಯ ಅರಣ್ಯಾಧಿಕಾರಿಯನ್ನು ಗ್ರಾಮಸಭೆಗೆ ಕರೆಯಿರಿ. ನಮ್ಮ ಊರಿನ ಅಂಚಿನ ರೇಖೆ ಯಾವಾಗ ಸವರುತ್ತೀರಿ, ಯಾವಾಗ ಸುಡುತ್ತೀರಿ, ವಾಚರ್‌ಗಳು ಯಾರು, ಸಂಬಳ ಯಾವಾಗ ಅಂತ ಕೇಳಿ, ನಡಾವಳಿ ಪುಸ್ತಕದಲ್ಲಿ ಬರೆಸಿ. ಯಾವ ಹಳ್ಳದಲ್ಲಿ ಗಾಳಿ ತಿರುಗುತ್ತದೆ, ಯಾವ ಕಾಲುದಾರಿಯಿಂದ ಬೆಂಕಿ ಮೇಲೇರುತ್ತದೆ ಅನ್ನುವುದು ವರ್ಗವಾಗಿ ಬಂದ ಅಧಿಕಾರಿಗೆ ಗೊತ್ತಿರುವುದಿಲ್ಲ. ನಿಮ್ಮೂರ ದನ ಕಾಯುವವರಿಗೆ ಗೊತ್ತಿರುತ್ತದೆ. ಅವರನ್ನೂ ಸಭೆಗೆ ಕೂರಿಸಿ. ಊರಿನಲ್ಲಿ ಗ್ರಾಮ ಅರಣ್ಯ ಸಮಿತಿಯೋ ಪರಿಸರ ಅಭಿವೃದ್ಧಿ ಸಮಿತಿಯೋ ಇದ್ದರೆ ಅದರ ಮೂಲಕವೇ ಹೋಗಿ. ಅರಣ್ಯವಾಸಿ ಕುಟುಂಬಗಳಿರುವ ಊರುಗಳಿಗೆ 2006ರ ಅರಣ್ಯ ಹಕ್ಕು ಕಾಯ್ದೆ ಇನ್ನೂ ಜಾಸ್ತಿ ಬಲ ಕೊಡುತ್ತದೆ. ಸಮುದಾಯದ ಕಾಡನ್ನು ಕಾಯುವ, ನಿರ್ವಹಿಸುವ ಹಕ್ಕೇ ಅದರಲ್ಲಿದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಗ್ರಾಮಸಭೆಗಳಿಗೆ 2011ರಲ್ಲಿ ಆ ಹಕ್ಕುಪತ್ರ ಸಿಕ್ಕಿತು, ಅದೂ ಹುಲಿ ಸಂರಕ್ಷಿತ ಪ್ರದೇಶದ ಒಳಗೆ. ತರಗು ಬೆಂಕಿ ಎಲ್ಲಾದರೂ ಮತ್ತೆ ಶುರುವಾಗಬೇಕಿದ್ದರೆ ಅದು ಅಲ್ಲಿ, ಸಣ್ಣ ಪ್ರಯೋಗವಾಗಿ, ಸೋಲಿಗ ಹಿರಿಯರು, ಇಲಾಖೆ, ಸಂಶೋಧಕರು ಮೂವರೂ ಇದ್ದು ಶುರುವಾಗಬೇಕು ಅನ್ನುವುದು ನನ್ನ ಅಭಿಪ್ರಾಯ. ಅದಕ್ಕೂ ಮೊದಲು ಆ ಜಾಗದ ಲಂಟಾನ ಕೈಯಿಂದ ತೆಗೆದಿರಬೇಕು.

ಲಂಟಾನ ತೆಗೆಯುವುದನ್ನು ನೀವು ಈ ವರ್ಷವೇ ಶುರು ಮಾಡಬಹುದು, ನಿಮ್ಮ ಹೊಲದ ಬೇಲಿಯಿಂದ. ಮೇಲೆ ಕತ್ತರಿಸಿದರೆ ಪ್ರಯೋಜನ ಇಲ್ಲ, ಮತ್ತೆ ಚಿಗುರುತ್ತದೆ. ದೆಹಲಿ ವಿಶ್ವವಿದ್ಯಾಲಯದ ಸಿ. ಆರ್. ಬಾಬು ಅವರ ತಂಡ ತೋರಿಸಿಕೊಟ್ಟ ವಿಧಾನ ಸುಲಭ: ಬುಡದ ಗಂಟಿನ ಕೆಳಗೆ, ಮಣ್ಣಿನೊಳಗೆ ಎರಡು-ಮೂರು ಬೆರಳು ಆಳದಲ್ಲಿ ಬೇರನ್ನು ಕಡಿದು, ಗಿಡವನ್ನು ಎತ್ತಿ ತಲೆಕೆಳಗಾಗಿ ಇಡುವುದು. ಮುಂದಿನ ಎರಡು ಮಳೆಗಾಲ ಸಸಿ ಕೀಳುತ್ತಾ ಹೋಗಬೇಕು, ಇಲ್ಲದಿದ್ದರೆ ಹಕ್ಕಿ ತಂದು ಹಾಕಿದ ಬೀಜವೇ ಮತ್ತೆ ಪೊದೆಯಾಗುತ್ತದೆ. ಕಡ್ಡಿಯನ್ನು ಸುಮ್ಮನೆ ಸುಡಬೇಡಿ. ಮಲೆ ಮಹದೇಶ್ವರ ಬೆಟ್ಟದಲ್ಲಿ ಸೋಲಿಗರು ಅದರಿಂದ ಕುರ್ಚಿ, ಮೇಜು ಮಾಡುತ್ತಾರೆ. ಗೂಡಲೂರು ಕಡೆಯ ಆದಿವಾಸಿಗಳು ಲಂಟಾನದಲ್ಲೇ ಕಟ್ಟಿದ ಆಳೆತ್ತರ ಮೀರಿದ ಆನೆಗಳು ಲಂಡನ್, ಅಮೆರಿಕಾದ ತನಕ ಹೋಗಿವೆ. ಕಾಡಿನೊಳಗಿನ ಲಂಟಾನಕ್ಕೆ ಮಾತ್ರ ಇಲಾಖೆಯ ಒಪ್ಪಿಗೆ ಬೇಕು.

ಉಳಿದದ್ದು ಊರೊಳಗಿನ ಮಾತು. ನಮ್ಮ ಕಾಡಿಗೆ ಬೆಂಕಿ ಬೀಳುವುದು ಬಹುಪಾಲು ಮನುಷ್ಯರಿಂದಲೇ. ಬೀಡಿ ತುಂಡು, ಜೇನು ಕೀಳುವ ದೊಂದಿ, ಹೊಸ ಹುಲ್ಲಿನ ಆಸೆ, ಉದುರಿದ ಜಿಂಕೆ ಕೊಂಬು ಹುಡುಕುವವರು, ಕೆಲವು ಸಲ ಇಲಾಖೆಯ ಮೇಲಿನ ಸಿಟ್ಟು. ಸಿಟ್ಟಿಗೆ ಕಾರಣ ಇರುತ್ತದೆ. ಆನೆ ಬೆಳೆ ತಿಂದ ಪರಿಹಾರ ಬಂದಿರುವುದಿಲ್ಲ, ದನ ಬಿಟ್ಟದ್ದಕ್ಕೆ ಕೇಸ್ ಬಿದ್ದಿರುತ್ತದೆ. ಅದನ್ನು ಸಭೆಯಲ್ಲೇ ಎತ್ತಿ ಜಗಳ ಆಡಿ. ಅಲ್ಲಿ ಮಾತಾಡಲು ಜಾಗ ಇಲ್ಲದ ಊರಿನಲ್ಲೇ ಕಾಡಿಗೆ ಕಡ್ಡಿ ಬೀಳುವುದು ಜಾಸ್ತಿ, ಅಲ್ವಾ?

ಕಡೆಯದಾಗಿ, ಹೊಗೆ ಕಂಡ ದಿನಕ್ಕೆ ತಯಾರಿ. ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ ಉಪಗ್ರಹ ಕಂಡ ಬೆಂಕಿಯ ಸೂಚನೆಯನ್ನು ಮೊಬೈಲಿಗೆ ಕಳಿಸುತ್ತದೆ, ಸಾರ್ವಜನಿಕರೂ ಅವರ ಜಾಲತಾಣದಲ್ಲಿ ಹೆಸರು ಬರೆಸಬಹುದು. ಊರಿಗೆ ಇಬ್ಬರು ಬರೆಸಿದರೆ ಸಾಕು. ಉಪಗ್ರಹ ದಿನಕ್ಕೆ ಕೆಲವೇ ಸಲ ಹಾದುಹೋಗುತ್ತದೆ, ಹಾಗಾಗಿ ನಿಮ್ಮ ಕಣ್ಣೇ ಮುಂಚೆ. ಅರಣ್ಯ ಸಹಾಯವಾಣಿ 1926, ರೇಂಜ್ ಆಫೀಸಿನ ನಂಬರ್ ಎರಡನ್ನೂ ಹಾಲಿನ ಡೇರಿ ಗೋಡೆಗೆ ಬರೆಸಿ. ಇಲಾಖೆ ಕರೆದರೆ ಮಾತ್ರ ಹೋಗಿ, ಒಬ್ಬೊಬ್ಬರೇ ಬೇಡ. ನೈಲಾನ್, ಪಾಲಿಯೆಸ್ಟರ್ ಬಟ್ಟೆ ಹಾಕಿಕೊಂಡು ಹೋಗಬೇಡಿ, ಅದು ಕರಗಿ ಮೈಗೆ ಅಂಟುತ್ತದೆ. ದಪ್ಪ ಹತ್ತಿ ಬಟ್ಟೆ, ಶೂ, ಮುಖಕ್ಕೆ ಹತ್ತಿ ಟವೆಲ್, ಕುಡಿಯಲು ನೀರು. ಬೆಂಕಿಯ ಮೇಲ್ಭಾಗದ ಇಳಿಜಾರಿನಲ್ಲಿ ಎಂದೂ ನಿಲ್ಲಬೇಡಿ. ದಾರಿ ತಪ್ಪಿದರೆ ಆಗಲೇ ಸುಟ್ಟು ಆರಿದ ಕಪ್ಪು ನೆಲಕ್ಕೆ ಬನ್ನಿ, ಅಲ್ಲಿ ಉರಿಯಲು ಏನೂ ಉಳಿದಿರುವುದಿಲ್ಲ. ಸಂಜೆಯ ಹೊತ್ತು ಗಾಳಿ ದಿಕ್ಕು ಬದಲಿಸುತ್ತದೆ, ಅಷ್ಟರೊಳಗೆ ಹುಡುಗರನ್ನೆಲ್ಲ ಕೆಳಗಿಳಿಸಿ ತಲೆ ಎಣಿಸಿ.